ಮೈದುನನ ಕಂಪ್ಯೂಟರಿಗೆ ತಿಂಗಳಿಗೊಂದು ರೋಗ

ನನ್ನ ಮೈದುನನ ಕಂಪ್ಯೂಟರು ಒಂದು ದಿನವೂ ಕೆಟ್ಟಿರಲಿಲ್ಲ. ಅವನೇ ಕೆಡಿಸುತ್ತಿದ್ದ. ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ, ನಿಜ. ಕಣ್ಣಿಗೆ ಶಾಲೆ ಬೇಕೇನು?

ಮದುವೆಯಾಗದ ಈ ಮನುಷ್ಯ ಗುಮಾಸ್ತಿಕೆಯಿಂದ ನಿವೃತ್ತನಾಗಿ ಪುಣೆಯ ನಮ್ಮ ಮನೆಗೆ ಬಂದಾಗ ಹಾಸಿಗೆಯ ಜೊತೆ ತಂದದ್ದು ಅದೊಂದೇ. ನನ್ನ ಮೊಮ್ಮಕ್ಕಳಿಗೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಅದರಲ್ಲಿ ಅವನು ಇಸ್ಪೀಟು ಬಿಟ್ಟು ಬೇರೇನಾದರೂ ಮಾಡಿದ್ದನ್ನು ನಾನಂತೂ ಕಾಣೆ!

ತಿಂಗಳಿಗೊಮ್ಮೆ ಅದಕ್ಕೆ ಕಾಯಿಲೆ. ಕಂಪನಿಯವರು ಮನೆಗೇ ಬರುತ್ತೇವೆ ಎಂದರೂ, "ಅವರಿಗ್ಯಾಕ್ರಿ ತ್ರಾಸ?" ಎನ್ನುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಡಬ್ಬಿ ತುಂಬ ನನ್ನ ಶೇಂಗಾ ಹೋಳಿಗೆ! ಕಂಪ್ಯೂಟರಿನ ಪೆಟ್ಟಿಗೆಯನ್ನು ನನ್ನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ರಿಕ್ಷಾದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಶಿವಾಜಿನಗರದ ರಿಪೇರಿ ಕೇಂದ್ರಕ್ಕೆ ಹೊರಡುತ್ತಿದ್ದ. ಬಾಣಂತಿಯನ್ನೂ ಯಾರೂ ಅಷ್ಟು ಜೋಪಾನವಾಗಿ ಒಯ್ದಿರಲಾರರು.

ಒಮ್ಮೆ ಡಬ್ಬಿ ಹಿಡಿಯಲು ನಾನೂ ಹೋದೆ. ಇಂಜಿನಿಯರ್ ಹುಡುಗಿ "ಯಾ ಕಾಕಾ, ಯಾ!" ಎಂದು ಮರಾಠಿಯಲ್ಲಿ ಒಳಗೆ ಕರೆದು ಕುರ್ಚಿ ಎಳೆದಳು. ಚಹಾ ಬಂತು, ಹೋಳಿಗೆ ಹಂಚಿದ್ದಾಯಿತು. ಒಬ್ಬಳ ಮದುವೆಯ ಮಾತುಕತೆ, ಇನ್ನೊಬ್ಬನ ಬೆನ್ನುನೋವು, ಎಲ್ಲಕ್ಕೂ ಇವನದೇ ಸಲಹೆ. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡದವನು ಅಲ್ಲಿ ಎರಡು ತಾಸು ಬಾಯಿ ಮುಚ್ಚಲಿಲ್ಲ! ಹೊರಡುವಾಗ ಪೆಟ್ಟಿಗೆಯ ನೆನಪಾಗಿ, ಹುಡುಗಿ ಮುಚ್ಚಳ ತೆಗೆದು ಒಳಗಿನ ವೈರೊಂದನ್ನು ಒತ್ತಿದಳು. ರೋಗ ವಾಸಿ.

ಮುಂದಿನ ತಿಂಗಳು ನನ್ನ ಚಮಚದ ಹಿಡಿಕೆಯಿಂದ ಅದೇ ಮುಚ್ಚಳದ ಸ್ಕ್ರೂ ತಿರುಗಿಸುತ್ತ ಸಿಕ್ಕಿಬಿದ್ದ.

"ಏನ್ ನಡಿಸೀಯೋ?"

"ಧೂಳ ಒರಸ್ಲಿಕ್ಕತ್ತೀನ್ರಿ, ವೈನಿ."

"ವೈರ್ ಕಿತ್ತು ಒರಸ್ತಾರೇನು?"

"ಭಾಳ ಹಳೇ ಮಷೀನ್ ನೋಡ್ರಿ..."

ಚಮಚ ಕಸಿದುಕೊಂಡು ನಾನು ಶೇಂಗಾ ಹುರಿಯಲು ಹೋದೆ.

ಹೀಗೆ ಆರು ವರ್ಷ ನಡೆಯಿತು. ಆಮೇಲೊಂದು ದಿನ ಹೋದವನು ಅರ್ಧ ತಾಸಿನಲ್ಲೇ ಮರಳಿದ. ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ.

"ಯಾಕೋ?"

"ಈ ಮಾಡೆಲ್ಲಿಗೆ ಇನ್ನ ರಿಪೇರಿ ಇಲ್ಲಂತ್ರಿ. ಕಂಪನಿ ಹುಕುಂ ಬಂದದಂತ. ಬಾಗಿಲದಾಗ ಬ್ಯಾರೆ ಯಾರೋ ನಿಂತಿದ್ರು, ಅಲ್ಲಿಂದನ ಕಳಿಸಿದ್ರು."

"ಹೊಸಾದು ತಗೋ ಅನ್ಲಿಲ್ಲೇನು?"

"ಅಂದ್ರು. ಹೊಸಾದು ಕೆಡೂದಿಲ್ಲಂತ, ವೈನಿ."

ಅಂದು ಅವನು ಊಟಕ್ಕೆ ಏಳಲಿಲ್ಲ. ನಾನೂ ಎಬ್ಬಿಸಲಿಲ್ಲ.

ಮರುದಿನ ಬೆಳಿಗ್ಗೆ, ಚಹಾಕ್ಕೂ ಮೊದಲು, ಚೆನ್ನಾಗಿಯೇ ತಿರುಗುತ್ತಿದ್ದ ನನ್ನ ಮಿಕ್ಸರನ್ನು ಮಗುಚಿ ತಳದ ವೈರು ಎಳೆದು ಕಿತ್ತೆ. ಒಯ್ದು ಅವನ ಮುಂದಿಟ್ಟೆ.

"ಕೆಟ್ಟದ. ಇದರ ಕಂಪನಿ ರಿಪೇರಿ ಎಲ್ಲಿ ಅದ ಅಂತ ಹುಡುಕಿ ಒಯ್ಯಿ," ಎಂದೆ. "ಸಾವಕಾಶ ಬಾ, ಲಗೂ ಬರಬ್ಯಾಡ."