ಚುಕ್ಕಿ ಸಾಲಿನ ಮಾನಪತ್ರ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಇಸ್ಪೀಟಿನದಲ್ಲ. ಅವಾದರೆ ಯಾರಾದರೂ ಬುದ್ಧಿ ಹೇಳಿ ಬಿಡಿಸುತ್ತಿದ್ದರು. ನನ್ನದು ಹಗಲುಗನಸಿನ ಚಟ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಾಕು, ನನ್ನ ಸನ್ಮಾನ ಶುರುವಾಗುತ್ತದೆ. ಇಳಕಲ್ಲಿನಲ್ಲಿ ಬಸ್ಸು ಹತ್ತಿದರೆ ಹುನಗುಂದ ದಾಟುವಷ್ಟರಲ್ಲಿ ಸಭಾಂಗಣ ತುಂಬಿರುತ್ತದೆ. ಅಮೀನಗಡದಲ್ಲಿ ಬಸ್ಸು ನಿಂತು, ಕರದಂಟಿನ ಅಂಗಡಿಗಳಿಂದ ಬೆಲ್ಲ ತುಪ್ಪದ ವಾಸನೆ ಒಳಗೆ ಬರುವಾಗ ಸ್ವಾಗತ ಭಾಷಣ ಮುಗಿದು, ನನ್ನ ಹೆಸರು ಕರೆಯುತ್ತಿರುತ್ತಾರೆ. ನಾನು ಬೇಡ ಬೇಡವೆನ್ನುತ್ತ ಏಳುತ್ತೇನೆ. ಬಾಗಲಕೋಟೆಯ ಹಿನ್ನೀರು ದೂರದಲ್ಲಿ ಹೊಳೆಯುವ ಹೊತ್ತಿಗೆ ಸರಿಯಾಗಿ ನನ್ನ ಹೆಗಲಿಗೆ ಶಾಲು ಬರಬೇಕು. ಬರುವುದು ಕಂಡಕ್ಟರನ ಕೈ. “ಯಜಮಾನ್ರ, ಏಳ್ರಿ, ಮುಂದ ಬಸ್ಸು ಹೋಗಂಗಿಲ್ಲ” ಎನ್ನುತ್ತಾನೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಶಾಲು ಹೆಗಲು ಮುಟ್ಟಿಲ್ಲ.

ಈ ಆಸೆ ನನ್ನಂಥವನಿಗೆ ಬರಬಾರದಿತ್ತು, ಯಾಕೆಂದರೆ ಸನ್ಮಾನದ ಅಡುಗೆಮನೆ ಕಂಡವನು ನಾನು. ಕನ್ನಡ ಮಾಸ್ತರಿಕೆಯಿಂದ ನಿವೃತ್ತನಾಗಿ, ಹಳ್ಳಿಯ ಶಾಲೆಗಳಿಗಾಗಿ ದುಡಿದವರನ್ನು ವರ್ಷಕ್ಕೊಮ್ಮೆ ಗೌರವಿಸುವ ಒಂದು ಸಮಿತಿಗೆ ಕಾರ್ಯದರ್ಶಿಯಾಗಿದ್ದೇನೆ. ಹಾರ ತರುವುದು, ಹಣ್ಣಿನ ಬುಟ್ಟಿಗೆ ಕಾಗದ ಸುತ್ತಿಸುವುದು, ಮುಖ್ಯ ಅತಿಥಿಗಳು ಎಲ್ಲಿಗೆ ಬಂದರೆಂದು ಫೋನು ಮಾಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಮಾನಪತ್ರ ಬರೆಯುವುದು ನನ್ನ ಕೆಲಸ. ಸನ್ಮಾನಿತರನ್ನು ‘ತಾವು, ತಾವು’ ಎಂದು ಹೊಗಳಿ, ಚೌಕಟ್ಟು ಹಾಕಿಸಿ, ವೇದಿಕೆಯ ಮೇಲೆ ಗಟ್ಟಿಯಾಗಿ ಓದಿ ಕೈಗೆ ಕೊಡುವ ಕಾಗದವದು. ಅದನ್ನು ಬರೆಯುವ ನನ್ನ ಪದ್ಧತಿ ಸರಳ. ಮೊದಲು ಹೊಗಳಿಕೆ ಬರೆದು, ಹೆಸರಿನ ಜಾಗದಲ್ಲಿ ಚುಕ್ಕಿ ಸಾಲು ಹಾಕಿಬಿಡುತ್ತೇನೆ. ಯಾಕೆಂದರೆ ಸಮಿತಿಯಲ್ಲಿ ಬಾದಾಮಿಯವರು ಒಂದು ಹೆಸರು ಹೇಳಿದರೆ ಹುನಗುಂದದವರು ಇನ್ನೊಂದು ಹೇಳುತ್ತಾರೆ, ಇಳಕಲ್ಲಿನವರು ಎರಡಕ್ಕೂ ತಲೆಯಾಡಿಸಿ ಮೂರನೆಯದನ್ನು ಹೇಳುತ್ತಾರೆ. ಹೆಸರು ನಿಲ್ಲುವುದು ಕಟ್ಟಕಡೆಗೆ. ಅಲ್ಲಿಯವರೆಗೆ ಹೊಗಳಿಕೆ ಕಾಯುತ್ತ ಕೂತಿರಬೇಕಾಗುತ್ತದೆ.

ನನ್ನ ಬಳಿ ಇದ್ದ ಮಾನಪತ್ರದ ಪಾಠವೂ ಒಂದೇ. ಹಿಂದೊಮ್ಮೆ ಶಾಲೆಯೊಂದರ ಅಧ್ಯಕ್ಷರಿಗೆಂದು ಬರೆದದ್ದು. ಅವರು ಶಾಲೆಗೆ ಏನು ಮಾಡಿದ್ದಾರೆಂದು ನಾಲ್ಕು ಜನರನ್ನು ಕೇಳಿದ್ದೆ. ಎಲ್ಲ ಸಮಾರಂಭಗಳಿಗೂ ತಪ್ಪದೆ ಬರುತ್ತಾರೆ ಎಂಬುದೊಂದೇ ಸಿಕ್ಕ ವಿವರ. ಅದನ್ನೇ ಹಿಗ್ಗಿಸಿ, “ಅನೇಕ ವರ್ಷಗಳಿಂದ ಅನೇಕ ಸಭೆಗಳಲ್ಲಿ ಉಪಸ್ಥಿತರಿದ್ದು ಅವುಗಳಿಗೆ ಶೋಭೆ ತಂದಿದ್ದೀರಿ, ತಮ್ಮ ಸೇವೆಯನ್ನು ಬಣ್ಣಿಸಲು ಶಬ್ದಗಳು ಸಾಲವು” ಎಂದು ಬರೆದೆ. ಅವರು ಓದಿ ಕಣ್ಣೊರೆಸಿಕೊಂಡರು. ಅಂದಿನಿಂದ ಅದೇ ನಡೆಯುತ್ತಿದೆ.

ಆದರೆ ಆ ಪಾಠವಿಟ್ಟಿದ್ದ ಕೆಂಪು ಫೈಲಿನಲ್ಲೇ ಇನ್ನೊಂದು ಮಾನಪತ್ರವೂ ಇತ್ತು. ಅದು ನನಗಾಗಿ ನಾನೇ ಬರೆದುಕೊಂಡದ್ದು. ಒಂದಲ್ಲ ಒಂದು ದಿನ ಸಮಿತಿಗೆ ನನ್ನ ನೆನಪಾಗಿ, ಆಗ ಬರೆಯುವವರು ಯಾರೂ ಇಲ್ಲದೆ ತೊಂದರೆಯಾಗಬಾರದಲ್ಲ. ಅದಕ್ಕೆ ನಾನು ಬಹಳ ಶ್ರಮಪಟ್ಟಿದ್ದೆ. ಬೆಳಗಾಗುತ್ತಲೇ ಮನೆಮನೆಯ ಬಾಗಿಲು ತಟ್ಟಿ ಮಕ್ಕಳನ್ನು ಕೈಹಿಡಿದು ಶಾಲೆಗೆ ಕರೆತಂದಿರಿ ಎಂದು ಬರೆದಿದ್ದೆ. ಗುಳೇದಗುಡ್ಡದಲ್ಲಿದ್ದಾಗ ಒಮ್ಮೆ, ಒಂದೇ ಒಂದು ಸಲ, ಶಾಲೆ ಬಿಟ್ಟ ಹುಡುಗಿಯನ್ನು ಕರೆತರಲು ನೇಕಾರರ ಮನೆಗೆ ಹೋಗಿದ್ದು ನಿಜ. ಅವರಪ್ಪ ಚಹಾ ಕೊಟ್ಟ, ಕುಡಿದು ಬಂದೆ. ಹುಡುಗಿ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಲ್ಲೇ ಉಳಿದಳು. ತಮ್ಮ ಬುತ್ತಿಯನ್ನು ಹಸಿದ ಮಕ್ಕಳೊಡನೆ ಹಂಚಿ ಉಂಡಿರಿ ಎಂದೂ ಇತ್ತು. ಹೆಂಡತಿ ಕಟ್ಟಿಕೊಡುತ್ತಿದ್ದ ಎಣ್ಣೆಗಾಯಿಯನ್ನು ನಾನು ಗೋಡೆಗೆ ಮುಖಮಾಡಿ ಒಬ್ಬನೇ ತಿನ್ನುತ್ತಿದ್ದೆ. ಯಾವ ಮಗುವಿನ ಮೇಲೂ ಕೈ ಎತ್ತಲಿಲ್ಲ ಎಂಬ ಸಾಲೂ ಇತ್ತು. ನನ್ನ ಹಳೆಯ ವಿದ್ಯಾರ್ಥಿಗಳು ಸಂತೆಯಲ್ಲಿ ನನ್ನನ್ನು ಕಂಡರೆ ಈಗಲೂ ಕಿವಿ ಮುಟ್ಟಿ ನೋಡಿಕೊಳ್ಳುತ್ತಾರೆ. ಕೊನೆಗೆ ಹೆಸರಿನ ಜಾಗದಲ್ಲಿ, ವಿನಯ ಅಡ್ಡಬಂದು, ಚುಕ್ಕಿ ಸಾಲು ಹಾಕಿದೆ.

ಈ ವರ್ಷ ಹುನಗುಂದದವರ ಮಾತು ನಡೆಯಿತು. ಅವರು ಹೇಳಿದ ಹೆಸರು ಹನಮವ್ವ. ಆ ಕಡೆಯ ಒಂದು ಹಳ್ಳಿಯವಳು, ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆತನ. ಸ್ವತಃ ಒಂದಕ್ಷರ ಬಾರದು. ಮೂವತ್ತು ವರ್ಷಗಳಿಂದ ಊರ ಶಾಲೆಗೆ ಸಂಬಳವಿಲ್ಲದೆ ದುಡಿದಿದ್ದಾಳೆಂದು ಹೇಳಿದರು. ಏನು ದುಡಿದಿದ್ದಾಳೆಂದು ನಾನು ಕೇಳಲಿಲ್ಲ, ಪಾಠ ಹೇಗೂ ಸಿದ್ಧವಿತ್ತಲ್ಲ.

ಕಾರ್ಯಕ್ರಮಕ್ಕೆ ನಾಲ್ಕು ದಿನವಿರುವಾಗ ಆಕೆಯೇ ಇಳಕಲ್ಲಿಗೆ ನನ್ನ ಮನೆ ಹುಡುಕಿಕೊಂಡು ಬಂದಳು. ಅಂಗಳದ ಕಟ್ಟೆಯ ತುದಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು ಕೇಳಿದಳು. “ಮಾಸ್ತರ್ರ, ಅವತ್ತ ನನ್ನ ಬಗ್ಗೆ ಓದೋರು ನೀವ ಅಂತಲ್ರಿ?”

“ಹೌದ್ರಿ ಹನಮವ್ವಾರ, ನಾನ.”

“ನಮ್ಮ ಯಜಮಾನ್ರು ಬರಾಕತ್ತಾರ್ರಿ. ಮೈದುನ, ನೆಗೆಣ್ಣಿ ಎಲ್ಲಾರೂ ಬರ್ತಾರ. ಮೂವತ್ತು ವರ್ಷ ಅವರು ಒಂದ ಮಾತ ಕೇಳ್ಯಾರ, ಪಗಾರ ಇಲ್ಲ ಏನಿಲ್ಲ, ಮುಂಜಾನೆದ್ದು ಸಾಲಿಗೆ ಹೋಗಿ ಏನ್ ಮಾಡ್ತಿ ಅಂತ. ನನಗ ಹೇಳಾಕ ಬರಂಗಿಲ್ರಿ. ಬಾಯಿ ತೆಗದ್ರ ಜಗಳಾನ ಆಗ್ತೈತಿ. ನೀವು ಕಲ್ತವರು. ಅವರಿಗೆ ತಿಳಿಯೂ ಹಂಗ ಒಂದು ಸಲ ಹೇಳ್ಬಿಡ್ರಿ. ನನಗ ಶಾಲು ಹಾರ ಇಲ್ದಿದ್ರೂ ನಡೀತೈತಿ.”

“ಎಲ್ಲಾ ಬರೀತೇನಿ, ಚಿಂತಿ ಬಿಡ್ರಿ” ಎಂದೆ. ಅಷ್ಟು ದೂರದಿಂದ ಬಂದವಳನ್ನು ಏನು ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳಬೇಕೆಂದು ಪೆನ್ನನ್ನೂ ತೆಗೆದಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಅವಳಿಗೆ ರೊಟ್ಟಿ ತಂದಿಟ್ಟಳು; ಇಬ್ಬರೂ ಇಳಕಲ್ ಸೀರೆಯ ಟೋಪ್ ತೆನೆ ಸೆರಗಿನ ಮಾತಿಗಿಳಿದರು. ನಾನು ಬೇವಿನ ಗಿಡದ ನೆರಳು ನೋಡುತ್ತ ಕೂತೆ. ಅಲ್ಲೇ ಒಂದು ಸಭೆ ಸೇರಿತು. ಎಚ್ಚರಾದಾಗ ಹನಮವ್ವ ಬಸ್ಸಿಗೆ ಹೋಗಿಯಾಗಿತ್ತು.

ಮರುದಿನ ಕೆಂಪು ಫೈಲಿನಿಂದ ಹಳೆಯ ಪಾಠ ತೆಗೆದು ಚೌಕಟ್ಟಿನ ಅಂಗಡಿಯ ಮುತ್ತಣ್ಣನಿಗೆ ಕೊಟ್ಟು, ಚುಕ್ಕಿಯ ಜಾಗಕ್ಕೆ ಹನಮವ್ವನ ಹೆಸರು ಹಾಕು ಎಂದೆ. ಆಕೆಯ ಮನೆಯವರು ಮೂವತ್ತು ವರ್ಷ ಕಾದದ್ದು, ಆಕೆ ಸಭೆಗಳಿಗೆ ಶೋಭೆ ತಂದಳೆಂದು ಕೇಳುವುದಕ್ಕೇನು ಎನಿಸಿತು. ಆದರೆ ಹೊಸದು ಬರೆಯಲು ಆಕೆಯ ಬಗ್ಗೆ ಏನಾದರೂ ಗೊತ್ತಿರಬೇಕಲ್ಲ. ಮುತ್ತಣ್ಣ ಕಾರ್ಯಕ್ರಮದ ದಿನ ಬೆಳಿಗ್ಗೆ ಬಣ್ಣದ ಕಾಗದ ಸುತ್ತಿ ಕೊಟ್ಟ. ನಾನು ಬಿಚ್ಚಿ ನೋಡಲಿಲ್ಲ.

ಕಾರ್ಯಕ್ರಮವಿದ್ದ ಬಾಗಲಕೋಟೆಗೆ ಬೇಗ ಮುಟ್ಟಿದ್ದರಿಂದ ಹಿನ್ನೀರಿನ ದಡಕ್ಕೆ ಹೋಗಿ ನಿಂತೆ. ಹಳೆಯ ಊರಿನಲ್ಲಿ ನಾನು ಓದಿದ ಶಾಲೆ ಈಗ ಆ ನೀರಿನ ಅಡಿಯಲ್ಲಿದೆ. ಅಲ್ಲಿ ನಿಂತಾಗಲೆಲ್ಲ ಕೆಳಗೆ ಇನ್ನೂ ತರಗತಿ ನಡೆದಂತೆ, ಮೀನುಗಳು ಸಾಲಾಗಿ ಕೂತು ಮಗ್ಗಿ ಹೇಳುತ್ತಿರುವಂತೆ ಅನಿಸುತ್ತದೆ. ಆ ಶಾಲೆಯಲ್ಲಿ ದಿನಾ ನೀರಿನ ಗಡಿಗೆ ತುಂಬಿ, ಬಿದ್ದ ಮಕ್ಕಳ ಮೊಣಕಾಲಿಗೆ ಅರಿಸಿನ ಹಚ್ಚುತ್ತಿದ್ದ ಒಬ್ಬ ಅಜ್ಜಿ ಇದ್ದಳು. ಅವಳ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ. ಅವಳ ಹೆಸರಿನ ಜಾಗದಲ್ಲೂ ನನ್ನ ನೆನಪು ಚುಕ್ಕಿ ಸಾಲನ್ನೇ ಹಾಕಿಕೊಂಡಿದೆ. ನನಗೆ ನಾಚಿಕೆಯಾಯಿತು. ಆದರೆ ಹೊತ್ತಾಗಿತ್ತು, ಹಾರ ಒಣಗುತ್ತಿತ್ತು.

ವೇದಿಕೆಯ ಮೇಲೆ ಹನಮವ್ವ ಕುರ್ಚಿಯ ತುದಿಗೆ ಕೂತಿದ್ದಳು. ಮುಂದಿನ ಸಾಲಿನಲ್ಲಿ ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಬಳಿದುಕೊಂಡ ಅವಳ ಗಂಡ, ಪಕ್ಕದಲ್ಲಿ ಮನೆಯವರು, ಹಿಂದೆ ಟ್ರ್ಯಾಕ್ಟರಿನಲ್ಲಿ ಬಂದಿದ್ದ ಊರವರು. ನಾನು ಕಾಗದ ಬಿಚ್ಚಿ ಚೌಕಟ್ಟು ಹಿಡಿದು, “ಮಾನ್ಯ ಹನಮವ್ವನವರೇ” ಎಂದು ಆರಂಭಿಸಿದೆ. ಎರಡನೆಯ ಸಾಲಿಗೆ ಬಂದು ತಡವರಿಸಿದೆ. “ಬೆಳಗಾಗುತ್ತಲೇ ಮನೆಮನೆಯ ಬಾಗಿಲು ತಟ್ಟಿ…” ಅದು ನನ್ನದು. ಮುತ್ತಣ್ಣನ ತಪ್ಪೇನಿಲ್ಲ, ಹಳೆಯ ಪಾಠವೆಂದುಕೊಂಡು ನಾನೇ ಫೈಲಿನಿಂದ ನೋಡದೆ ತೆಗೆದುಕೊಟ್ಟ ಹಾಳೆ. ನಿಲ್ಲಿಸುವಂತಿಲ್ಲ, ನುಂಗುವಂತಿಲ್ಲ. ಎಲ್ಲರೂ ಈಗ ನಗುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ಓದುತ್ತ ಹೋದೆ.

ಯಾರೂ ನಗಲಿಲ್ಲ. “ಮಗ್ಗದ ಕುಣಿಯಿಂದಲೂ ಹೆಣ್ಣುಮಕ್ಕಳನ್ನು ಎಬ್ಬಿಸಿ ತಂದಿರಿ” ಎಂದಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. “ಅಕಿ ನಾನ್ರಿ. ಈಗ ದವಾಖಾನ್ಯಾಗ ನರ್ಸ್ ಅದೇನಿ” ಎಂದು ಹೇಳಿ ಕೂತಳು. ಬುತ್ತಿಯ ಸಾಲು ಬಂದಾಗ ಇನ್ನಿಬ್ಬರು ಎದ್ದರು. ತಂದೆತಾಯಿ ಕುರಿಯ ಹಿಂದೆ ದೂರದ ಊರಿಗೆ ಹೋದಾಗ ತಾವು ಶಾಲೆಯಲ್ಲಿ ಹನಮವ್ವನ ಬುತ್ತಿ ಉಂಡೇ ಕಲಿತದ್ದೆಂದು ಒಬ್ಬ ಹೇಳಿದ. ನಾನು ನನ್ನ ಬಗ್ಗೆ ಕಟ್ಟಿದ ಸುಳ್ಳುಗಳು ಒಂದೊಂದಾಗಿ ಎದ್ದು ನಿಂತು ಖರೆ ಆಗುತ್ತಿದ್ದವು. ಕೊನೆಯ ಸಾಲಿನ ಹತ್ತಿರ ಬಂದಾಗ ಮಾತ್ರ ಸಿಕ್ಕಿಬಿದ್ದೆ. “ತಮ್ಮ ಬಿಳಿ ಮೀಸೆಯಂಚಿನ ಮುಗುಳ್ನಗೆ ಮಕ್ಕಳಿಗೆ ಧೈರ್ಯವಾಗಿತ್ತು” ಎಂದಿತ್ತು. ಮೀಸೆಯನ್ನು ನುಂಗಿ, ಮುಗುಳ್ನಗೆಯನ್ನಷ್ಟೇ ಓದಿದೆ.

ಚಪ್ಪಾಳೆ ನಿಂತ ಮೇಲೆ ಅವಳ ಗಂಡ ವೇದಿಕೆಯ ಮೆಟ್ಟಿಲ ಬಳಿ ಬಂದ. “ಇಷ್ಟೆಲ್ಲಾ ಮಾಡೀಯಲ್ಲ, ಮನ್ಯಾಗ ಒಂದಿನಾನೂ ಹೇಳಲಿಲ್ಲ” ಎಂದ.

“ನೀ ಕೇಳಿದ್ದು ಜಗಳಕ್ಕ. ತಿಳ್ಕೊಳ್ಳಾಕ ಎಂದ ಕೇಳಿದ್ದಿ?” ಎಂದಳು ಹನಮವ್ವ. ಅವನು ಅವಳ ಕೈಯಿಂದ ಹಣ್ಣಿನ ಬುಟ್ಟಿ ತೆಗೆದುಕೊಂಡು ತಾನೇ ಹೊತ್ತು ನಡೆದ. ನನಗೆ ಸಂತೋಷವಾಯಿತು, ಒಳಗೊಳಗೇ ಸ್ವಲ್ಪ ಹೊಟ್ಟೆಯೂ ಉರಿಯಿತು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಒಂದು ಮುಖ್ಯ ವಿಷಯ ಮರೆತಿದ್ದೆ. ಆ ಊರಿನಲ್ಲಿ ಓದಲು ಬಾರದವಳು ಹನಮವ್ವ ಒಬ್ಬಳೇ. ಉಳಿದವರನ್ನೆಲ್ಲ ಶಾಲೆಗೆ ದೂಡಿದ್ದೇ ಅವಳು. ವಾರದ ಮೇಲೆ ಆಕೆ ಹೊಸ ಶಾಲನ್ನು ಹೊದ್ದುಕೊಂಡು, ಆ ಬಿಸಿಲಲ್ಲೂ, ನಮ್ಮ ಕಟ್ಟೆಗೆ ಬಂದು ಕೂತಳು.

“ಮಾಸ್ತರ್ರ, ಓಣಿ ಮಂದಿಯೆಲ್ಲ ಬಂದು ಓದಿದ್ರು. ಭಾಳ ಛಲೋ ಬರದೀರಿ. ಆದ್ರ ಆ ಮೀಸಿ ಯಾರದ್ರಿ?”

ಒಳಗಿನಿಂದ ನನ್ನ ಹೆಂಡತಿ ಕೆಮ್ಮಿದಳು. ಅವಳು ಆ ಕಾಗದವನ್ನು ಹಿಂದೆಯೇ ಕದ್ದು ಓದಿದ್ದಳೆಂದು ಆಗ ತಿಳಿಯಿತು. ನಾನು ನನ್ನ ಮೀಸೆಯ ಮೇಲೆ ಕೈಯಿಟ್ಟುಕೊಂಡು ಎಲ್ಲವನ್ನೂ ಒಪ್ಪಿಕೊಂಡೆ. ಹನಮವ್ವ ನಗಲಿಲ್ಲ. “ಅಯ್ಯ, ನಿಮ್ಮದು ನಾ ಒಯ್ದಂಗಾತಲ್ರಿ. ನಾಳೆ ನಿಮಗ ಮಾಡಿದ್ರ ಏನ್ ಓದ್ತಾರ?” ಎಂದಳು. ಅವಳಿಗೆ ಅದು ನಿಜವಾದ ಚಿಂತೆಯಾಗಿತ್ತು. ಮೀಸೆಯ ಮೇಲೆ ಒಂದು ಚೂರು ಕಾಗದ ಅಂಟಿಸಿಕೊಡುತ್ತೇನೆಂದೆ. “ಬ್ಯಾಡ್ರಿ, ಇರಲಿ. ನೀವು ಬರದಿದ್ದು ಅಂತ ಗುರುತು” ಎಂದು ಎದ್ದು ಹೋದಳು.

ಅವಳು ಹೋದ ಮೇಲೆ ನನಗೂ ಚಿಂತೆ ಹತ್ತಿತು. ಕೆಂಪು ಫೈಲು ತೆಗೆದೆ. ಹನಮವ್ವನಿಗೆಂದು ನಾನು ಆರಿಸಿಟ್ಟಿದ್ದ ಹಳೆಯ ಪಾಠವೊಂದೇ ಅದರಲ್ಲಿ ಉಳಿದಿತ್ತು. ಸುಮ್ಮನೆ ಪರೀಕ್ಷೆಗೆಂದು ಚುಕ್ಕಿ ಸಾಲಿನ ಮೇಲೆ ಪೆನ್ಸಿಲಿನಿಂದ ನನ್ನ ಹೆಸರು ಬರೆದು, ಗಟ್ಟಿಯಾಗಿ ಓದಿದೆ. ಅನೇಕ ವರ್ಷಗಳಿಂದ ಅನೇಕ ಸಭೆಗಳಲ್ಲಿ ಉಪಸ್ಥಿತರಿದ್ದು ಅವುಗಳಿಗೆ ಶೋಭೆ ತಂದಿದ್ದೀರಿ. ಒಳಗಿನಿಂದ ಹೆಂಡತಿ, “ಇದರಾಗ ಒಂದು ಮಾತೂ ಸುಳ್ಳಿಲ್ಲ ನೋಡ್ರಿ” ಎಂದಳು. ಹೆಸರನ್ನು ಅಳಿಸಬೇಕೆಂದು ರಬ್ಬರು ಹುಡುಕಿದೆ, ಸಿಗಲಿಲ್ಲ.