ಮೂಸಿ ನೋಡಿದ ಬಣ್ಣ

ಹೆದರಿಕೆಯಲ್ಲೂ ನಾನಾ ಜಾತಿಯಿದೆ. ಹಾವು, ಕತ್ತಲೆ, ಹೆಡ್‌ಮಾಸ್ತರರು, ಇವೆಲ್ಲ ಎದುರಿಗೆ ಬಂದಾಗ ಮಾತ್ರ ಹೆದರಿಸುವಂಥವು. ನನ್ನ ಹೆದರಿಕೆ ನನ್ನ ಕಣ್ಣಿನೊಳಗೇ ಇತ್ತು. ಹೋದಲ್ಲೆಲ್ಲ ಜೊತೆಗೇ ಬರುತ್ತಿತ್ತು. ಕೆಂಪಿಗೂ ಹಸಿರಿಗೂ ಇರುವ ವ್ಯತ್ಯಾಸ ನನಗೆ ತಿಳಿಯದು. ಇಷ್ಟೇ ಆಗಿದ್ದರೆ ಮದರಾಸಿನ ಎಗ್ಮೋರಿನಲ್ಲಿದ್ದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಸುಖವಾಗಿರಬಹುದಿತ್ತು. ಆದರೆ ನನಗೆ ಹತ್ತಿದ್ದು ವಿಮಾನದ ಹುಚ್ಚು. ಆಕಾಶದಲ್ಲಿ ಸದ್ದು ಕೇಳಿದರೆ ಸಾಂಬಾರಿನ ಬಕೆಟ್ಟು ಹಿಡಿದುಕೊಂಡೇ ಬೀದಿಗೆ ಓಡುತ್ತಿದ್ದೆ. ಐವತ್ತರ ದಶಕದ ಕೊನೆಯಲ್ಲಿ ವಾಯುಪಡೆಯ ಲಿಖಿತ ಪರೀಕ್ಷೆ ಪಾಸಾಯಿತು. ಪೈಲಟ್ ಆಗಲು ಉಳಿದದ್ದು ವೈದ್ಯರ ತಪಾಸಣೆ. ಅದಕ್ಕೆ ಕರೆ ಬಂದ ದಿನದಿಂದ ನನಗೆ ಅನ್ನ ಸೇರಲಿಲ್ಲ.

ಮನೆಯಲ್ಲಿ ಬೇರೆಯದೇ ಯುದ್ಧ. ಅಮ್ಮನ ತಮ್ಮ ವಾಸುಮಾವನಿಗೂ ಇದೇ ತೊಂದರೆ. ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಅವರು ಚಟ್ನಿಗಳನ್ನು ಮೂಸಿಯೇ ಗುರುತಿಸುತ್ತಿದ್ದರು.

"ಇದು ನಿನ್ನ ತವರಿನ ಆಸ್ತಿ" ಎಂದರು ಅಪ್ಪಯ್ಯ.

ಅಮ್ಮನಿಗೆ ರೇಗಿತು. "ನನ್ನ ತವರಿನವರ ಕಣ್ಣಿಗೆ ಎಂತದೂ ಆಗ್ಲಿಲ್ಲ. ಮಾಣಿಗೆ ಅಭ್ಯಾಸ ಸಾಲದು, ಅಷ್ಟೆ" ಎಂದವಳೇ ಸೆರಗು ಸಿಕ್ಕಿಸಿ ನನ್ನ ಪಾಠಕ್ಕೆ ಕೂತಳು. ಮಣೆಯ ಮೇಲೆ ಕೆಂಪು ಮೆಣಸು, ಹಸಿಮೆಣಸು, ಕುಂಕುಮ, ಕೊತ್ತಂಬರಿ ಚಟ್ನಿ. ಜೊತೆಗೆ ಎರಡು ಹೊತ್ತೂ ಹೊನಗೊನೆ ಸೊಪ್ಪಿನ ಪಲ್ಯ. "ಕಣ್ಣುಕ್ಕು ರೊಂಬ ನಲ್ಲದು", ಕಣ್ಣಿಗೆ ಬಹಳ ಒಳ್ಳೆಯದು ಎಂದು ಪಕ್ಕದ ಮನೆಯ ತಮಿಳು ಮಾಮಿ ಹೇಳಿದ್ದರಂತೆ. ವಾರ ಕಳೆಯುವಷ್ಟರಲ್ಲಿ ನಾನು ಒಂದೂ ತಪ್ಪದೆ ಹೇಳತೊಡಗಿದೆ. ಅಮ್ಮ ಗೆದ್ದವಳಂತೆ ಅಪ್ಪಯ್ಯನ ಕಡೆ ನೋಡಿದಳು. ನಾನು ಪ್ರತಿ ಸಲವೂ ಮೂಗರಳಿಸಿಯೇ ಉತ್ತರ ಹೇಳುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ. ಹಾಗೆ ನೋಡಿದರೆ ನನಗೂ ಗೊತ್ತಾಗಿರಲಿಲ್ಲ.

ತಪಾಸಣೆಯ ದಿನ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಎದೆ, ಕಿವಿ, ಹಲ್ಲು ಎಲ್ಲ ಸರಿಯಿದ್ದವು. ಕೊನೆಗೆ ದಪ್ಪ ಮೀಸೆಯ ಡಾಕ್ಟರು ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ಬಿಚ್ಚಿ, "ಇದರಲ್ಲಿ ಯಾವ ಅಂಕಿ ಕಾಣುತ್ತೆ?" ಎಂದರು. ನನಗೆ ಕಂಡದ್ದು ಚೆಲ್ಲಿದ ಸಾಸಿವೆ. ಇಷ್ಟು ವರ್ಷದ ಆಸೆಯೆಲ್ಲ ಆ ಒಂದು ಹಾಳೆಯಲ್ಲಿತ್ತು. ನನಗೆ ಅರಿವಿಲ್ಲದೆಯೇ ಬಗ್ಗಿ ಪುಸ್ತಕವನ್ನು ಮೂಸಿದೆ.

ಡಾಕ್ಟರು ಕನ್ನಡಕ ತೆಗೆದು, "ಯಾಕಪ್ಪಾ, ಬೆಳಿಗ್ಗೆ ತಿಂಡಿ ಆಗಿಲ್ಲವೇ?" ಎಂದು ಕೇಳಿದರು. ಆಮೇಲೆ ಕತ್ತಲೆ ಕೋಣೆಯಲ್ಲಿ ದೀಪ ತೋರಿಸಿದರು. ಕೆಂಪು ದೀಪಕ್ಕೆ ಹಸಿರು ಎಂದೆ. ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳುತ್ತ ಅತ್ತುಬಿಟ್ಟೆ. ಅಪ್ಪಯ್ಯ ಯಾವ ತವರಿನ ಸುದ್ದಿಯನ್ನೂ ಎತ್ತಲಿಲ್ಲ. ಅಮ್ಮ ಮುಖ ಆಚೆ ತಿರುಗಿಸಿ ಮಣೆಯ ಮೇಲಿದ್ದ ಮೆಣಸನ್ನು ಸೆರಗಿಗೆ ತುಂಬಿಕೊಂಡಳು. ವಾಸುಮಾವನಿಗೆ ಮಾತ್ರ ವಿಪರೀತ ಸಿಟ್ಟು ಬಂತು. "ವಾಸನೆಯೇ ಇಲ್ಲದ ಬಣ್ಣ ತೋರಿಸಿದ್ರೆ ಯಾರಿಗೆ ಗೊತ್ತಾಗ್ತದೆ ಮಾರಾಯ!" ಎಂದರು.

ವರ್ಷಗಳ ಮೇಲೆ ಮೊದಲ ಸಲ ವಿಮಾನ ಹತ್ತಿದೆ, ಟಿಕೆಟು ಕೊಂಡ ಪ್ರಯಾಣಿಕನಾಗಿ. ಸೀಟಿನಲ್ಲಿ ಕೂತು ಪಟ್ಟಿ ಬಿಗಿದುಕೊಳ್ಳುವಾಗ ಒಂದು ಯೋಚನೆ ಬಂತು. ಮುಂದೆ ಕೂತಿರುವ ಪೈಲಟ್‌ಗೂ ನನ್ನ ಅಮ್ಮನಂಥ ಅಮ್ಮ ಇದ್ದು, ಅವಳು ಮೆಣಸು ಮುಂದಿಟ್ಟು ಪಾಠ ಹೇಳಿಕೊಟ್ಟು, ಅವನು ಹೇಗೋ ಪಾಸಾಗಿಬಿಟ್ಟಿದ್ದರೆ? ಬೆಂಗಳೂರು ಬರುವವರೆಗೂ ನಾನು ಕಣ್ಣು ಬಿಡಲಿಲ್ಲ.