ನಾಲ್ಕು ಇಂಚು ಎತ್ತರ

ಎಲ್ಲ ಫಜೀತಿಗೂ ಮೂಲ ಒಂದು ಕಲ್ಲು. ಗಣಿಗೆ ಹೋಗುವ ಬೆಟ್ಟದ ದಾರಿಯಲ್ಲಿ, ಎರಡನೆಯ ತಿರುವು ದಾಟಿದ ಮೇಲೆ, ನಟ್ಟನಡುವೆ ಕುಳಿತಿದ್ದ ಕಲ್ಲು. ಕಂಪನಿಯ ಲಾರಿಗಳು ಅದನ್ನು ಲೆಕ್ಕಕ್ಕೇ ಇಡದೆ ದಾಟಿ ಹೋಗುತ್ತಿದ್ದವು. ಡಬಲ್‌ಕಾಟನ ಪಿಕಪ್ ಮಾತ್ರ ಅದರ ಮೇಲೆ ಹೊಟ್ಟೆಯೂರಿ ಕುಳಿತು, ಎಂಜಿನ್ ಎಣ್ಣೆಯನ್ನೆಲ್ಲ ಕಾರಿಕೊಂಡು, ಗಣಿಯ ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟಿ ಎಳೆಯುವವರೆಗೂ ಅಲ್ಲಾಡಿರಲಿಲ್ಲ.

ಡಬಲ್‌ಕಾಟ್ ಎಂಬುದು ಬೀದಿಯವರು ಇಟ್ಟ ಹೆಸರು. ಮಂಚ, ಹಾಸಿಗೆ ಮಾರುವ ಅಂಗಡಿಯಿಂದ ಗಿರಾಕಿಗಳ ಮನೆಗೆ ಸಾಮಾನು ಸಾಗಿಸುವುದು ಅವನ ಕೆಲಸ. ಹೊಸದಾಗಿ ಮದುವೆಯಾದವರ ಕೋಣೆಯಲ್ಲಿ ಜೋಡಿಮಂಚ ಜೋಡಿಸಿ, ಬೋಲ್ಟು ಬಿಗಿದು, ಒಮ್ಮೆ ಕೈಯಿಂದ ಅದುಮಿ ನೋಡಿ, "ಇನ್ನು ಅಲುಗಾಡಲ್ಲ, ನೆಮ್ಮದಿಯಾಗಿರಿ" ಎಂದು ಹೇಳಿ ಬರುತ್ತಿದ್ದ. ಅವನ ಸ್ವಂತ ಮಂಚದ ಅರ್ಧಭಾಗ ಮಾತ್ರ ಎರಡು ವರ್ಷದಿಂದ ಖಾಲಿ ಬಿದ್ದಿತ್ತು.

ಹೆಂಡತಿ ಬೆಟ್ಟದ ಮೇಲಿನ ಗಣಿ ಕಾಲೊನಿಯ ಆಸ್ಪತ್ರೆಯಲ್ಲಿ ನರ್ಸು. ಕಂಪನಿಯ ಲಾರಿ ತಿಂಗಳಿಗೊಮ್ಮೆ ಅವಳನ್ನು ಕೆಳಗೆ ತಂದು ಬಿಡುತ್ತಿತ್ತು. ಬಂದವಳು ತಾಯಿಯ ಜೊತೆ ಮಾತಾಡಿ, ಬಟ್ಟೆ ಒಗೆದು, ಬಾಕಿ ನಿದ್ದೆ ತೀರಿಸಿ ಎದ್ದು ಕೂರುವಷ್ಟರಲ್ಲಿ ಅದೇ ಲಾರಿ ಬೀದಿಯ ತುದಿಯಲ್ಲಿ ಹಾರನ್ ಹೊಡೆಯುತ್ತಿತ್ತು. ಆ ತಾಯಿ ಇರುತ್ತಿದ್ದುದೂ ಇವನ ಮನೆಯಲ್ಲೇ. ಹೀಗಾಗಿ ಸಂಸಾರ ಮಾಡಬೇಕಾದವಳು ಬೆಟ್ಟದ ಮೇಲೆ, ಸಂಸಾರ ಹೇಗೆ ಮಾಡಬೇಕೆಂದು ಹೇಳುವವರು ಮನೆಯೊಳಗೆ.

ಅವನಿಗಿದ್ದದ್ದು ಭಾನುವಾರ ಒಂದೇ ರಜೆ, ಅವತ್ತು ಕಂಪನಿಯ ಲಾರಿ ಮೇಲೆ ಹೋಗುತ್ತಿರಲಿಲ್ಲ. ನಡೆದು ಹೋಗೋಣವೆಂದರೆ ಹತ್ತುವುದರಲ್ಲೇ ಹೊತ್ತು ಮುಳುಗುತ್ತದೆ. ಅವಳು ಇರುವ ಕೋಣೆಯನ್ನು ಅವನು ನೋಡಿಯೇ ಇರಲಿಲ್ಲ. ಫೋನಿನಲ್ಲಿ ಅವಳು ಮಾತಾಡುವಾಗ ನಿಂತಿರುತ್ತಾಳೋ ಕೂತಿರುತ್ತಾಳೋ, ಬಾಗಿಲು ಯಾವ ದಿಕ್ಕಿಗಿದೆಯೋ, ಯಾವುದೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ, ಅವಳ ಎದುರು ಸುಮ್ಮನೆ ಕೂತು ಬರಬೇಕು. ಅಷ್ಟೇ ಅವನ ಆಸೆ. ಅದಕ್ಕೆ ಅಡ್ಡವಾದದ್ದು ಆ ಕಲ್ಲು.

ಗ್ಯಾರೇಜಿನ ಮೇಸ್ತ್ರಿ ಗಾಡಿಯ ಕೆಳಗೆ ತೂರಿ, ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ ತೀರ್ಪು ಕೊಟ್ಟಿದ್ದ: "ಗಾಡಿ ಎತ್ತಬೇಕು."

ಎತ್ತಿದ. ಮುಂದೆ ಸ್ಪ್ರಿಂಗಿನ ಮೇಲೆ ದಪ್ಪ ಬಿಲ್ಲೆ ಕೂರಿಸಿ, ಹಿಂದೆ ಪಟ್ಟಿ ಸ್ಪ್ರಿಂಗುಗಳಿಗೆ ಕಬ್ಬಿಣದ ತುಂಡು ಒತ್ತು ಕೊಟ್ಟು, ಉದ್ದದ ಶಾಕ್ ಅಬ್ಸಾರ್ಬರ್ ಹಾಕಿ, ಅದಕ್ಕೆ ತಕ್ಕ ದೊಡ್ಡ ಟೈರು ತೊಡಿಸಿ, ಭಾನುವಾರ ಬೆಳಿಗ್ಗೆ ಗಾಡಿಯನ್ನು ಹೊರಗೆ ತಂದು ನಿಲ್ಲಿಸಿದ. ನೆರೆನೀರಿಗೆ ಹೆದರಿ ಲಂಗ ಎತ್ತಿ ಹಿಡಿದು ನಿಂತ ಹೆಂಗಸಿನಂತೆ ಕಾಣುತ್ತಿತ್ತು ಪಿಕಪ್.

"ಸ್ಪ್ರಿಂಗಲ್ಲೇ ನಾಲ್ಕು ಇಂಚು ಎತ್ತಿದೀನಿ, ಟೈರಿಂದು ಬೇರೆ," ಎಂದ ಮೇಸ್ತ್ರಿ. "ಇನ್ನು ಕಲ್ಲು ಅಡ್ಡ ಬಂದ್ರೆ ಕಲ್ಲೇ ತಲೆ ತಗ್ಗಿಸ್ಕೋಬೇಕು. ತಿರುವಲ್ಲಿ ಮಾತ್ರ ಜೋರು ಮಾಡ್ಬೇಡಿ, ವಾಲುತ್ತೆ. ಆಮೇಲೆ ಹತ್ತೋವಾಗ ಇಳಿಯೋವಾಗ ನೋಡ್ಕೊಳಿ."

ಡಬಲ್‌ಕಾಟ್ ಮೊದಲ ಎರಡು ಮಾತು ಕೇಳಿಸಿಕೊಂಡ. ಮೂರನೆಯದು ಹೇಳುವಾಗ ಅವನ ಮನಸ್ಸು ಬೆಟ್ಟ ಹತ್ತುತ್ತಿತ್ತು.

ಮನೆಯ ಮುಂದೆ ಗಾಡಿ ನಿಂತದ್ದೇ ಬೀದಿ ಸೇರಿತು. ಮೊದಲು ಬಂದವರು ಮಹಡಿ ಮೇಲಿನ ನಿವೃತ್ತ ಕಂಡಕ್ಟರ್. ನಿವೃತ್ತರಾದರೂ ಯಾವ ಗಾಡಿ ಕಂಡರೂ ಅದಕ್ಕೆ ತಟ್ಟಿ ರೈಟ್ ಹೇಳದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

"ಇದೇನಯ್ಯಾ, ಗಾಡಿ ತುದಿಗಾಲಲ್ಲಿ ನಿಂತಿದೆ?"

"ಬೆಟ್ಟಕ್ಕೆ ಹೋಗ್ತಿದೀನಿ ಸಾರ್. ಅವಳನ್ನ ನೋಡೋಕೆ."

"ಹೆಂಡತಿ ನೋಡೋಕೆ ಗಾಡಿ ಎತ್ತಿಸಿದವರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ."

ಅಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಕೈಚೀಲ ಹಿಡಿದು, ಒಳಗಿನಿಂದ ಬಂದರು. "ನಾನೂ ಬರ್ತೀನಿ. ನನ್ನ ಮಗಳು ಎಂಥಾ ಕಡೆ ಇದಾಳೋ, ನಾನೊಂದ್ಸಲ ನೋಡಬೇಡ್ವೆ?"

ಅಳಿಯನ ಮುಖ ಗಾಳಿ ಹೋದ ಟೈರಿನಂತಾಯಿತು. ಎದುರು ಸುಮ್ಮನೆ ಕೂರುವ ಮಧ್ಯಾಹ್ನದಲ್ಲಿ ಅತ್ತೆಯ ಲೆಕ್ಕ ಇರಲಿಲ್ಲ. ಆದರೂ ಬೇಡವೆನ್ನಲು ಬಾಯಿ ಬರಲಿಲ್ಲ. "ಬನ್ನಿ ಅತ್ತೆ," ಎಂದು ಬಾಗಿಲು ತೆಗೆದ.

ಅತ್ತೆ ಒಂದು ಕಾಲೆತ್ತಿದರು. ಅದು ಮೆಟ್ಟಿಲಿಗೆ ಎಟಕಲಿಲ್ಲ. ಪಕ್ಕದ ಮನೆಯ ಟೈಲರಕ್ಕ ಹೊಲಿಗೆಯಂತ್ರದ ಸ್ಟೂಲು ತಂದಿಟ್ಟಳು. ಸ್ಟೂಲಿನ ಮೇಲೆ ನಿಂತ ಅತ್ತೆಯನ್ನು ಕಂಡಕ್ಟರು ದೂರದಿಂದಲೇ ನಿರ್ದೇಶಿಸಿದರು: "ಎಡಗೈ ಕಂಬಿ ಹಿಡೀರಿ. ಬಲಗಾಲು ಒಳಗಡೆ. ಮುಂದೆ ಹೋಗಿ, ಮುಂದೆ ಹೋಗಿ." ಅತ್ತೆ ಮುಂದೂ ಹೋಗಲಾರದೆ ಹಿಂದೂ ಬರಲಾರದೆ, ಅರ್ಧ ಗಾಡಿಯಲ್ಲಿ ಅರ್ಧ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕಳೆದರು. ಕೊನೆಗೆ ಟೈಲರಕ್ಕ ಸೊಂಟ ಹಿಡಿದು ಇಳಿಸಿಕೊಂಡಳು.

"ಮಗಳ ಮನೆಗೆ ಹೋಗೋಕೆ ಅಟ್ಟ ಹತ್ತೋ ಹಾಗೆ ಹತ್ತಬೇಕಾ?" ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ನೀವೇ ಹೋಗ್ಬನ್ನಿ. ಸಣ್ಣಗಾಗಿದಾಳಾ ನೋಡಿ ಹೇಳಿ." ಕೊನೆಯ ಮಾತಿನಲ್ಲಿ ಅವರ ದನಿ ಯಾಕೋ ಇಳಿಯಿತು. ಅವರಿಗೂ ಮಗಳನ್ನು ನೋಡುವ ಹಂಬಲ ತನ್ನಷ್ಟೇ ಇದೆ ಎಂದು ಅಳಿಯನಿಗೆ ಹೊಳೆದದ್ದು ಆಗಲೇ. ಹೊಳೆದರೂ ಗಾಡಿ ಸ್ಟಾರ್ಟ್ ಮಾಡಿದ.

ಕಂಡಕ್ಟರು ಹಿಂಬದಿಗೆ ಎರಡು ಸಲ ತಟ್ಟಿ "ರೈಟ್" ಎಂದರು. ಪಿಕಪ್ ಹೊರಟಿತು. ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನಿಂದ ಟೈಲರಕ್ಕನ ಕೂಗು ಕೇಳಿಸಿತು. ಬೀದಿಗೆ ಅಡ್ಡಲಾಗಿ ಕಟ್ಟಿದ ಬಟ್ಟೆಯ ತಂತಿಯ ಕೆಳಗೆ ಅವನು ವರ್ಷಗಟ್ಟಲೆ ಓಡಾಡಿದ್ದ. ಇವತ್ತು ಕ್ಯಾಬಿನ್ನಿನ ನೆತ್ತಿ ಅದನ್ನು ಕಿತ್ತುಕೊಂಡು ಬಂದಿತ್ತು. ಗಾಜಿನ ಮುಂದೆ ಗಿರಾಕಿಯೊಬ್ಬರ ಒದ್ದೆ ಪ್ಯಾಂಟು ಎರಡೂ ಕಾಲು ಇಳಿಬಿಟ್ಟು ಕೂತಿತ್ತು.

"ಅದು ನಾಳೆ ಇಂಟರ್ವ್ಯೂಗೆ ಹೋಗೋರ ಪ್ಯಾಂಟು ಕಣಪ್ಪಾ," ಎಂದು ಟೈಲರಕ್ಕ ಅಳುವ ಹಾಗಾದಳು. ಅವನು ಇಳಿದು, ತಂತಿ ಕಟ್ಟಿ, ಪ್ಯಾಂಟು ಹಿಂಡಿ, ಕ್ಷಮೆ ಕೇಳಿ ಮತ್ತೆ ಹತ್ತಿದ. ಹತ್ತುವಾಗ ಅವನ ಪ್ಯಾಂಟೇ ಮಂಡಿಯ ಹತ್ತಿರ ಪರ್ರೆಂದಿತು. ಹೊಲಿಸಿಕೊಳ್ಳುತ್ತ ನಿಲ್ಲಲು ಹೊತ್ತಿರಲಿಲ್ಲ.

ಊರ ಹೊರಗಿನ ರಸ್ತೆಯಲ್ಲಿ ಗಾಡಿ ಕುಡಿದವನಂತೆ ತೂಗಾಡಿತು. ಗಾಳಿ ಬಂದ ಕಡೆಗೆ ವಾಲುತ್ತಿತ್ತು, ಬ್ರೇಕ್ ಒತ್ತಿದರೆ ದೊಡ್ಡವರನ್ನು ಕಂಡಂತೆ ಮೂಗು ಬಗ್ಗಿಸಿ ನಮಸ್ಕರಿಸುತ್ತಿತ್ತು. ಆದರೆ ಬೆಟ್ಟದ ದಾರಿ ಶುರುವಾದದ್ದೇ ಅದರ ನಡಿಗೆಯೇ ಬದಲಾಯಿತು. ಹಳ್ಳ, ದಿಣ್ಣೆ, ಕೊರಕಲು ಎಲ್ಲವನ್ನೂ ನಿಧಾನಕ್ಕೆ ತುಳಿದು ಹತ್ತಿತು. ಎರಡನೆಯ ತಿರುವು ದಾಟಿದ್ದೇ ಆ ಕಲ್ಲು ಕಂಡಿತು. ಡಬಲ್‌ಕಾಟ್ ಗೇರು ಇಳಿಸಿ ಗಾಡಿಯನ್ನು ನೇರ ಅದರ ಮೇಲೇ ಬಿಟ್ಟ. ಕೆಳಗೆ ಏನೂ ತಾಗಲಿಲ್ಲ. ಹಿಂದಿನ ಕನ್ನಡಿಯಲ್ಲಿ ಕಲ್ಲು ಸಣ್ಣದಾಗುತ್ತ ಹೋಯಿತು. ಅವನಿಗೆ ಹಾಡಬೇಕೆನಿಸಿತು. ಯಾವ ಹಾಡೂ ಪೂರ್ತಿ ಬಾರದ್ದರಿಂದ ಸೀಟಿ ಹೊಡೆದ.

ಆಸ್ಪತ್ರೆ ಎಂದರೆ ತಗಡಿನ ಮಾಡಿನ ಉದ್ದನೆಯ ಕಟ್ಟಡ, ಅದರ ಬೆನ್ನಿಗೆ ನರ್ಸಿನ ಒಂಟಿಕೋಣೆ. ಗಾಡಿಯ ಸದ್ದಿಗೆ ಅವಳು ಜಗುಲಿಗೆ ಬಂದಳು. ಬಿಳಿ ಕೋಟು, ಕೈಯಲ್ಲಿ ಹತ್ತಿಯ ಉಂಡೆ. ಕ್ಯಾಬಿನ್ನಿನೊಳಗೆ ಕೂತಿದ್ದವನನ್ನು ನೋಡಿ, ನಂಬಲಾರದೆ, ಉಂಡೆಯನ್ನು ಎದೆಗೊತ್ತಿಕೊಂಡು ನಿಂತಳು.

ಎರಡು ವರ್ಷದಿಂದ ಅವನು ಕಾದದ್ದು ಇದಕ್ಕೇ. ಬಾಗಿಲು ತೆಗೆದ. ಅವಳ ಮುಖದಿಂದ ಕಣ್ಣು ಕೀಳದೆ, ಹಿಂದೆ ಸಾವಿರ ಸಲ ಇಳಿದಂತೆಯೇ ಇಳಿದ. ನೆಲ ಮಾತ್ರ ಹಿಂದೆ ಇದ್ದ ಜಾಗದಲ್ಲಿ ಇರಲಿಲ್ಲ.

ಬಿದ್ದ ಸದ್ದಿಗೆ ಡಾಕ್ಟರೂ ಓಡಿ ಬಂದರು. ಕುಳ್ಳಗಿನ, ಚಟುವಟಿಕೆಯ ಮನುಷ್ಯ. ಕಂಪೌಂಡರೂ ಅವರೂ ಹೊತ್ತುಕೊಂಡು ಒಳಗೆ ಮಲಗಿಸಿದರು. ಡಾಕ್ಟರು ಕಣಕಾಲು ಒತ್ತಿ ನೋಡಿ, ಎಕ್ಸ್‌ರೇ ತೆಗೆದು, "ಮೂಳೆ ಬಿರುಕು ಬಿಟ್ಟಿದೆ. ಪ್ಲಾಸ್ಟರ್ ಹಾಕೋಣ," ಎಂದರು.

ಪ್ಲಾಸ್ಟರ್ ಸುತ್ತುವಾಗ ಅವಳು ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಹೇಳಿ ಬರಬಾರದಿತ್ತಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಆದ್ರೂ ಮನಸ್ಸಲ್ಲಿ ಬನ್ನಿ ಅಂತಾನೇ ಅನ್ಕೊಂಡಿರ್ತಿದ್ದೆ."

ಕಾಲು ಸಿಡಿಯುತ್ತಿದ್ದರೂ ಅವನಿಗೆ ಈ ಪ್ಲಾಸ್ಟರು ಬೇಗ ಒಣಗದಿರಲಿ ಅನಿಸಿತು.

"ನಿಮ್ಮಮ್ಮ ಕೇಳಿದ್ರು, ಸಣ್ಣಗಾಗಿದೀಯಾ ಅಂತ."

ಅವಳು ಉತ್ತರ ಕೊಡುವ ಮೊದಲೇ ಹೊರಗೆ ಗದ್ದಲವಾಯಿತು. ಕಾಲೊನಿಯ ಶಾಲೆಯ ಮೇಷ್ಟ್ರನ್ನು ನಾಲ್ಕು ಜನ ಹೊತ್ತು ತಂದಿದ್ದರು. ಹೊಟ್ಟೆ ಹಿಡಿದುಕೊಂಡು ಬಿಲ್ಲಿನಂತೆ ಬಾಗಿದ್ದರು, ಮೈ ಕೆಂಡದಂತಿತ್ತು. ಡಾಕ್ಟರು ಹೊಟ್ಟೆಯ ಬಲಭಾಗ ಒತ್ತಿದ್ದೇ ಮೇಷ್ಟ್ರು ಚೀರಿದರು.

"ಅಪೆಂಡಿಕ್ಸ್. ಇವತ್ತೇ ಆಪರೇಷನ್ ಆಗಬೇಕು. ಇಲ್ಲಿ ಆಗಲ್ಲ," ಎಂದರು ಡಾಕ್ಟರು. ಭಾನುವಾರವಾದ್ದರಿಂದ ಕಂಪನಿಯ ಲಾರಿ, ಟ್ರ್ಯಾಕ್ಟರುಗಳೆಲ್ಲ ಕೆಳಗಿದ್ದವು. ಅವರ ಕಣ್ಣು ಅಂಗಳದ ಪಿಕಪ್ಪಿನ ಮೇಲೆ ಬಿತ್ತು.

"ನಿಮ್ಮ ಗಾಡೀನಾ? ಕಲ್ಲು ದಾಟುತ್ತಾ?"

"ದಾಟುತ್ತೆ ಸಾರ್," ಎಂದ ಡಬಲ್‌ಕಾಟ್. ಹೇಳುವಾಗ ಹೆಮ್ಮೆಯಿತ್ತು. ಹೇಳಿದ ಮೇಲೆ ಮುಂದಿನದು ಹೊಳೆಯಿತು.

"ನಾನು ಓಡಿಸ್ತೀನಿ. ಸಿಸ್ಟರ್, ಡ್ರಿಪ್ ಹಿಡ್ಕೊಳೋಕೆ ನೀವು ಬೇಕು. ಇವರನ್ನ ನಿಮ್ಮ ರೂಮಲ್ಲಿ ಮಲಗಿಸಿ, ಕಂಪೌಂಡರ್ ನೋಡ್ಕೊಳ್ತಾರೆ."

ಅವಳು ಗಂಡನ ಮುಖ ನೋಡಿದಳು. ಮೇಷ್ಟ್ರು ಮತ್ತೊಮ್ಮೆ ನರಳಿದರು.

"ಹೋಗು," ಎಂದ ಅವನು. "ಇಳಿಯೋವಾಗ ನೋಡ್ಕೊಂಡು ಇಳಿ."

ಅವಳು ಅವನ ತಲೆಗೂದಲ ಮೇಲೆ ಒಮ್ಮೆ ಕೈಯಾಡಿಸಿ ಓಡಿದಳು. ಡಾಕ್ಟರು ಸ್ಟೇರಿಂಗಿನ ಹಿಂದೆ, ಆನೆಯ ಮೇಲೆ ಕೂತ ಮಗುವಿನಂತೆ, ಕತ್ತು ಉದ್ದ ಮಾಡಿ ಕೂತಿದ್ದರು. ಪಿಕಪ್ ಸೊಗಸಾಗಿ ಇಳಿದು ಹೋಯಿತು. ಎಲ್ಲೂ ಏನೂ ತಾಗಿದ ಸದ್ದು ಬರಲಿಲ್ಲ.

ಅವಳ ಕೋಣೆಯ ಬಾಗಿಲು ಪೂರ್ವಕ್ಕಿತ್ತು. ಒಂದು ಮಂಚ, ಒಂದು ಕುರ್ಚಿ, ಗೂಡಿನಲ್ಲಿ ಬಾಚಣಿಗೆ. ದಿಂಬಿನಲ್ಲಿ ಅವಳ ತಲೆಯೆಣ್ಣೆಯ ವಾಸನೆ. ಎದುರಿನ ಕುರ್ಚಿಯನ್ನು ನೋಡುತ್ತ ಅವನು ಮಧ್ಯಾಹ್ನವೆಲ್ಲ ಮಲಗಿದ್ದ.

ಸಂಜೆ ಫೋನ್ ಬಂತು.

"ಆಪರೇಷನ್ ಆಯ್ತು ರೀ. ಮೇಷ್ಟ್ರು ಉಳ್ಕೊಂಡ್ರು. ಇನ್ನೊಂದು ಗಂಟೆ ತಡ ಆಗಿದ್ರೆ ಕಷ್ಟ ಇತ್ತಂತೆ. ಗಾಡಿ ಇದ್ದಿದ್ದಕ್ಕೆ ಆಯ್ತು."

"ಒಳ್ಳೇದಾಯ್ತು ಬಿಡು. ಇವತ್ತೇ ವಾಪಸ್ ಬರ್ತೀಯಾ?"

"ಇಲ್ಲ. ಮೇಷ್ಟ್ರಿಗೆ ಇಲ್ಲಿ ಯಾರೂ ಇಲ್ಲ, ಡಿಸ್ಚಾರ್ಜ್ ಆಗೋವರೆಗೂ ಜೊತೆಗಿರಿ ಅಂತ ಡಾಕ್ಟರು ಹೇಳಿದಾರೆ. ಒಂದು ವಾರ ಆಗಬಹುದು. ರಾತ್ರಿಗೆ ಮನೇಲಿ ಮಲಗ್ತೀನಿ."

ಅವನು ದಡಕ್ಕನೆ ಎದ್ದು ಕೂತ. "ಹಾಗಾದ್ರೆ ನಾಳೆ ಡಾಕ್ಟರು ಗಾಡಿ ತರ್ತಾರಲ್ಲ, ಯಾರ ಕೈಯಲ್ಲಾದ್ರೂ ಓಡಿಸ್ಕೊಂಡು ನಾನೂ ಬಂದ್ಬಿಡ್ತೀನಿ."

"ಆ ದಾರೀಲಿ ಕುಲುಕಿದ್ರೆ ಮೂಳೆ ಜರುಗುತ್ತೆ. ಒಂದು ವಾರ ಅಲ್ಲಾಡ್ಬೇಡಿ ಅಂದಿದಾರೆ ಡಾಕ್ಟರು."

"ವಾರ ಆದ್ಮೇಲೆ?"

ಆ ಕಡೆ ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ವಾರ ಆದ್ಮೇಲೆ ನನಗೆ ಮೇಲೆ ಡ್ಯೂಟಿ. ಕಂಪನಿ ರೂಮಲ್ಲಿ ಮನೆಯವರು ಇರೋ ಹಾಗಿಲ್ಲ ಅಲ್ವಾ, ನಿಮ್ಮನ್ನ ಕೆಳಗೆ ಕಳಿಸ್ತಾರೆ."

ಫೋನಿನಲ್ಲಿ ಬಾಗಿಲು ತೆರೆದ ಸದ್ದು ಕೇಳಿಸಿತು. ಅವಳು ಮೆಲ್ಲಗೆ ಹೇಳಿದಳು: "ಈಗ ಮನೆಗೆ ಬಂದೆ. ನೀವಿಲ್ಲದೆ ಮನೆ ಬಿಕೋ ಅನ್ನುತ್ತೆ ರೀ."